ಮೊದಲ ಸಾಲಿನ ಕಿಟ್ಟಣ್ಣ

ನಮ್ಮ ಡೊಂಬಿವಲಿಯ ಕನ್ನಡ ಸಂಘದಲ್ಲಿ ನಾಟಕ ಆಡಿದವರ ಹೆಸರು ಮರುವರ್ಷಕ್ಕೆ ಯಾರಿಗೂ ನೆನಪಿರುವುದಿಲ್ಲ. ಬರೆದವರ ಪಾಡಂತೂ ಕೇಳುವುದೇ ಬೇಡ. ಆದರೆ ಬರೀ ನಾಟಕ ನೋಡಿಯೇ ಹೆಸರು ಮಾಡಿದವರೊಬ್ಬರಿದ್ದರು. ಕಲ್ಯಾಣದಿಂದ ವಾಶಿಯವರೆಗೆ ಯಾವ ಸಂಘದವರನ್ನು ಕೇಳಿದರೂ ‘ಓ, ನಮ್ಮ ಕಿಟ್ಟಣ್ಣ ಅಲ್ವಾ’ ಎನ್ನುತ್ತಿದ್ದರು.

ಕಿಟ್ಟಣ್ಣ ಕಾರ್ಕಳದ ಕಡೆಯವರು. ಮೀಸೆ ಮೂಡುವ ಮೊದಲೇ ಕಲ್ಯಾಣ ಸ್ಟೇಷನ್ ಪಕ್ಕದ ಹೋಟೆಲಿಗೆ ಬಂದು, ಕಪ್ಪುಬಸಿ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಮಹಾಪೆಯ ಒಂದು ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಕೋಪರಖೈರಣೆಯಲ್ಲಿ ಒಂದು ರೋ ಹೌಸಿನ ಮೇಲಿನ ಕೋಣೆ ಅವರ ಮನೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ‘ನನ್ನ ನಗು ಕೇಳಿ ಹೆಣ್ಣಿನವರು ಓಡಿಹೋದ್ರು ಮಾರಾಯ್ರೆ’ ಎಂದು ತಾವೇ ಮೊದಲು ನಗುತ್ತಿದ್ದರು. ಕೇಳಿದವರೂ ನಕ್ಕು, ಮುಂದಿನ ಪ್ರಶ್ನೆಯನ್ನು ಮರೆತುಬಿಡುತ್ತಿದ್ದರು.

ಅವರ ನಗುವೇ ಹಾಗೆ. ಮೊದಲು ಗಂಟಲಲ್ಲಿ ಉಸಿರು ಸಿಕ್ಕಿಕೊಂಡ ಸದ್ದು. ಆಮೇಲೆ ತಡೆದು ತಡೆದು ಬರುವ ಬಿಕ್ಕು. ಅಷ್ಟು ಹೊತ್ತಿಗೇ ಹಾಲ್‌ನಲ್ಲಿ ಕೂತವರ ತುಟಿ ಬಿರಿದಿರುತ್ತಿತ್ತು. ಕಿಟ್ಟಣ್ಣನ ಪೂರಾ ನಗು ಹೊರಗೆ ಬರುವ ಮೊದಲೇ ಜನ ನಗುತ್ತಿದ್ದರು, ಯಾತಕ್ಕೆ ಎಂದು ಅರ್ಧ ಜನಕ್ಕೆ ತಿಳಿದಿರುತ್ತಿರಲಿಲ್ಲ. ಹಾಸ್ಯ ನಾಟಕ ಆಡುವ ಸಂಘದವರೆಲ್ಲ ಮೊದಲು ಹಾಲ್ ಬುಕ್ ಮಾಡುತ್ತಿದ್ದರು, ಆಮೇಲೆ ಕಿಟ್ಟಣ್ಣನಿಗೆ ಫೋನ್ ಮಾಡುತ್ತಿದ್ದರು. ಮೊದಲ ಸಾಲಿನಲ್ಲಿ ಗಣ್ಯರ ಕುರ್ಚಿಗಳು ಮುಗಿದ ಕೂಡಲೇ, ನಡುದಾರಿಯ ಪಕ್ಕದ ಕುರ್ಚಿ ಅವರದು. ಭಾನುವಾರ ಬೆಳ್ಳಗಿನ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಥಾಣೆಯಲ್ಲಿ ಗಾಡಿ ಬದಲಿಸಿ ಬಂದು ಅಲ್ಲಿ ಕೂರುತ್ತಿದ್ದರು.

ನನ್ನ ಪರಿಚಯವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ನಾನು ರಮಾಮಣಿ, ಮೈಸೂರಿನವಳು, ಟೆಲಿಫೋನ್ ಆಫೀಸಿನಲ್ಲಿದ್ದೆ. ಸಂಘದ ನಾಟಕಗಳಲ್ಲಿ ನನಗೆ ಯಾವಾಗಲೂ ತಾಯಿಯ ಪಾತ್ರ. ತಲೆಕೂದಲು ಕಪ್ಪಗಿದ್ದಾಗಲೇ ಪೌಡರ್ ಹಾಕಿ ನರೆ ಬರಿಸಿ ತಾಯಿ ಮಾಡಿದರು. ಈಗ ಪೌಡರಿನ ಖರ್ಚು ಉಳಿಯಿತು ಎನ್ನುತ್ತಾರೆ. ನಾಲಿಗೆ ಸ್ವಲ್ಪ ಉದ್ದ ಎಂದು ಹೆಸರು ಪಡೆದವಳು. ಅಂಥ ನಾನು ಬಾಯಿ ಮುಚ್ಚಿಕೊಂಡು ನಿಂತ ಒಂದು ಸಂಜೆಯ ವಿಷಯ ಇದು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಸಂಘಕ್ಕೆ ರಮಾಕಾಂತ ಒಂದು ನಾಟಕ ಬರೆದುಕೊಟ್ಟರು. ಬ್ಯಾಂಕಿನವರು, ಮಾತು ಕಮ್ಮಿ. ನಾಟಕದ ಹೆಸರು ‘ಒಂದು ಬೀಗ, ಎರಡು ಕೀಲಿ’. ಬಾಡಿಗೆಯ ಒಂದೇ ಕೋಣೆಯಲ್ಲಿರುವ ಇಬ್ಬರು ಗುಮಾಸ್ತರ ಕತೆ. ಇಬ್ಬರೂ ಗಂಡಸರು, ಒಬ್ಬರಿಗೊಬ್ಬರು ಗಂಡಹೆಂಡಿರ ಹಾಗೆ ಇದ್ದವರು. ಪ್ರೀತಿ ಎಂಬ ಮಾತು ನಾಟಕದಲ್ಲಿ ಎಲ್ಲೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಒಬ್ಬನು ಸಾಯುತ್ತಾನೆ. ಊರಿನಿಂದ ಅವನ ತಾಯಿ ಬರುತ್ತಾಳೆ. ಹೆಣದ ತಲೆಯ ಹತ್ತಿರ ಕೂತವನನ್ನು ನೋಡಿ, ‘ನೀನು ಅವನಿಗೆ ಏನಾಗಬೇಕಪ್ಪಾ?’ ಎಂದು ಕೇಳುತ್ತಾಳೆ. ‘ನಾವು ಒಂದೇ ಕೋಣೆಯವರು’ ಎನ್ನುತ್ತಾನೆ ಅವನು. ‘ಹಾಗಾದರೆ ಹಿಂದೆ ಹೋಗಿ ನಿಂತುಕೋ. ಇಲ್ಲಿ ಮನೆಯವರು ಕೂರಲಿ’ ಎನ್ನುತ್ತಾಳೆ. ಆ ತಾಯಿ ನಾನು. ಕೋಣೆಯವನಾಗಿ ರಮಾಕಾಂತರೇ ಕೂತಿದ್ದರು.

ಡೊಂಬಿವಲಿ ಪೂರ್ವದ ಶಾಲೆಯ ಹಾಲ್. ಜನ ಅಲ್ಲಿಯವರೆಗೆ ಅತ್ತ ಒಪ್ಪಲೂ ಇಲ್ಲ, ಇತ್ತ ಎದ್ದು ಹೋಗಲೂ ಇಲ್ಲ, ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು. ನಾನು ಪ್ರಶ್ನೆ ಕೇಳಿದೆ. ರಮಾಕಾಂತ ‘ನಾವು ಒಂದೇ ಕೋಣೆಯವರು’ ಅಂದರು. ಆಗ ಮೊದಲ ಸಾಲಿನಿಂದ ಆ ಸದ್ದು ಬಂತು, ಕಿಟ್ಟಣ್ಣನ ಬಿಕ್ಕು. ಇಡೀ ಹಾಲ್ ಒಂದೇ ಏಟಿಗೆ ನಕ್ಕುಬಿಟ್ಟಿತು. ಅಷ್ಟು ಹೊತ್ತು ಬಿಗಿಹಿಡಿದದ್ದೆಲ್ಲ ಬಿಟ್ಟುಹೋಯಿತು ನೋಡಿ, ಶಿಳ್ಳೆ ಹೊಡೆದರು, ಯಾರೋ ಹಿಂದಿನಿಂದ ‘ಹಾಸಿಗೆಯೂ ಒಂದೇಯಾ?’ ಎಂದು ಕೂಗಿದರು. ಆ ಗದ್ದಲದಲ್ಲೇ ನಾನು ನನ್ನ ಮಾತು ಒಪ್ಪಿಸಿದೆ, ರಮಾಕಾಂತರಿಗೆ ಅವರ ಮುಂದಿನ ಮಾತು ಮರೆತುಹೋಯಿತು. ಪರದೆಯವನು ನಾಟಕ ಮುಗಿಯಿತೆಂದುಕೊಂಡೋ, ಕನಿಕರದಿಂದಲೋ ಪರದೆ ಎಳೆದ. ಕೊನೆಯ ದೃಶ್ಯ ನಡೆಯಲೇ ಇಲ್ಲ.

ಸಂಘದ ಅಧ್ಯಕ್ಷ ಸರ್ವೋತ್ತಮ ಒಳಗೆ ಬಂದು ರಮಾಕಾಂತರ ಬೆನ್ನು ತಟ್ಟಿ, ‘ಲಾಸ್ಟಿಗೆ ಒಳ್ಳೆ ಕಾಮಿಡಿ ಇಟ್ಟಿದ್ರಿ ಮಾರಾಯ್ರೆ’ ಅಂದರು. ರಮಾಕಾಂತ ಪಂಚೆ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ನನಗೆ ಕಿಟ್ಟಣ್ಣನ ಮೇಲೆ ಬಂದ ಸಿಟ್ಟು ವರ್ಷಗಟ್ಟಲೆ ಇಳಿಯಲಿಲ್ಲ. ಎದುರು ಸಿಕ್ಕಾಗ ನಮಸ್ಕಾರ ಅಂದರೆ ಹೂಂ ಅನ್ನುತ್ತಿದ್ದೆ, ಅಷ್ಟೇ.

ಆ ನಾಟಕಕ್ಕೆ ಮತ್ತೆ ಜೀವ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲಿ. ಹರ್ಷಿತಾ ಎಂಬ ಬೆಂಗಳೂರಿನ ಹುಡುಗಿ, ಮಹಾಪೆಯ ಐಟಿ ಕಂಪನಿಯಲ್ಲಿದ್ದವಳು, ಸಂಘಕ್ಕೆ ಸೇರಿದ್ದಳು. ಅದರ ಹಿಂದಿನ ಡಿಸೆಂಬರಿನಲ್ಲಿ ದೊಡ್ಡ ಕೋರ್ಟು ಆ ನಾಟಕದ ಇಬ್ಬರಂಥವರು ಕೂಡುವುದನ್ನು ಮತ್ತೆ ಅಪರಾಧ ಮಾಡಿ ಕೂರಿಸಿತ್ತು. ಹುಡುಗಿ ಕೆಂಡವಾಗಿದ್ದಳು. ರಮಾಕಾಂತರನ್ನು ಹುಡುಕಿಕೊಂಡು ಹೋಗಿ ನಾಟಕ ತಂದಳು. ಅವರು ‘ಆಡಿಕೊಳ್ಳಿ, ನಾನು ಬರಲ್ಲ’ ಎಂದರಂತೆ. ಕೋಣೆಯವನ ಪಾತ್ರಕ್ಕೆ ಸುಪ್ರೀತ್ ಎಂಬ ಹುಡುಗನನ್ನು ಹಿಡಿದಳು. ತಾಯಿಗೆ ಮಾತ್ರ ಹೊಸಬರು ಸಿಗಲಿಲ್ಲ.

ಏನು ತಾಲೀಮು ಮಾಡಿಸಿದಳು ಅನ್ನುತ್ತೀರಿ! ನಮ್ಮ ಸಂಘದಲ್ಲಿ ಚಹಾ ಕುಡಿದು ಮಾತು ಒಪ್ಪಿಸಿ ಮನೆಗೆ ಹೋಗುವುದನ್ನೇ ತಾಲೀಮು ಎನ್ನುತ್ತಿದ್ದೆವು. ಇವಳು ಸುಪ್ರೀತನಿಗೆ ಬರೀ ಕೂರುವುದನ್ನು ಕಲಿಸಲು ಒಂದು ಇಡೀ ಶನಿವಾರ ತೆಗೆದುಕೊಂಡಳು. ಹುಡುಗ ಹೆಣದ ಹತ್ತಿರ ಕೂತರೆ ನನಗೆ ಆ ಪ್ರಶ್ನೆ ಕೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟು ನಿಜವಾಗಿತ್ತು.

ಸರ್ವೋತ್ತಮರಿಗೆ ಬೇರೆಯೇ ಚಿಂತೆ. ‘ನಾಟಕ ಸ್ವಲ್ಪ ಆ ಟೈಪಿದ್ದು. ಪಬ್ಲಿಕ್ ಬೋರ್ ಆಗ್ಬಾರ್ದು. ಕಿಟ್ಟಣ್ಣನನ್ನು ಎದುರು ಕೂರಿಸಿದ್ರೆ ನಮಗೆ ಟೆನ್ಶನ್ ಇಲ್ಲ’ ಎಂದು ಕಮಿಟಿಯಲ್ಲಿ ಹೇಳಿದರು. ಹರ್ಷಿತಾ ನನ್ನ ಮನೆಗೆ ಓಡಿ ಬಂದಳು.

‘ಆಂಟಿ, ಪ್ಲೀಸ್. ಅವ್ರೊಬ್ರು ಬರ್ಬಾರ್ದು. ಆವತ್ತು ಆಗಿದ್ದು ಮತ್ತೆ ಆದ್ರೆ ಸುಪ್ರೀತ್ ಸ್ಟೇಜ್ ಮೇಲೇ ಮುರಿದುಹೋಗ್ತಾನೆ. ನೀವು ಹೇಳಿದ್ರೆ ಕೇಳ್ತಾರೆ.’

ನನಗೂ ಅದೇ ಬೇಕಾಗಿತ್ತು. ಹಳೇ ಸಿಟ್ಟನ್ನು ಸೆರಗಿಗೆ ಕಟ್ಟಿಕೊಂಡು ಥಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆಗೆ ಹೋದೆ.

ಒಂದೇ ಕೋಣೆ, ಬಲು ಚೊಕ್ಕಟ. ಎರಡು ಮಂಚ. ಒಂದರ ಮೇಲೆ ಹಾಸಿಗೆ, ಇನ್ನೊಂದರ ಮೇಲೆ ಸುರುಳಿ ಸುತ್ತಿದ ಹಾಸಿಗೆ. ಕಿಟ್ಟಣ್ಣ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಚಹಾಕ್ಕೆ ನೀರಿಟ್ಟರು.

‘ನೀವು ಬಂದದ್ದು ಯಾಕೆ ಅಂತ ಗೊತ್ತುಂಟು ಅಕ್ಕ. ಕಿಟ್ಟಣ್ಣ ಬರುದು ಬೇಡ ಅಂತ ಹೇಳ್ಲಿಕ್ಕೆ ಅಲ್ವಾ?’

‘ಹೌದು ಕಿಟ್ಟಣ್ಣ. ಒಬ್ಬರ ಇಡೀ ನಾಟಕ ಹಾಳು ಮಾಡಿದಿರಿ. ಇನ್ನೊಂದ್ಸಲ ಬೇಡ.’

ಅವರು ಚಹಾ ಸೋಸಿದರು. ಲೋಟವನ್ನು ನನ್ನ ಕೈಗೆ ಕೊಟ್ಟು ಸುರುಳಿ ಹಾಸಿಗೆಯ ಮಂಚದ ಅಂಚಿನಲ್ಲಿ ಕೂತರು.

‘ಆವತ್ತು ನನ್ನ ಪಕ್ಕ ಚೆನ್ನಯ ಕೂತಿದ್ದ. ನೆನಪುಂಟಾ?’

ಚೆನ್ನಯನ ಮುಖ ಕಷ್ಟಪಟ್ಟು ನೆನಪಿಗೆ ಬಂತು. ಕಲ್ಯಾಣದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಆಳು, ಕಿಟ್ಟಣ್ಣನ ರೂಮಿನಲ್ಲಿದ್ದವನು. ಹೋಟೆಲಿನವರು ಒಂದು ಕೋಣೆಯಲ್ಲಿ ಇಬ್ಬರು, ನಾಲ್ವರು ಇರುವುದು ಇಲ್ಲಿ ಹೊಸತಲ್ಲ. ಯಾರೂ ಎರಡನೇ ಸಲ ನೋಡುವುದಿಲ್ಲ. ಕಿಟ್ಟಣ್ಣನ ಜೊತೆ ನಾಟಕಕ್ಕೆ ಬರುತ್ತಿದ್ದ, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದ. ಮೂರು ವರ್ಷದ ಹಿಂದೆ ಕಾಮಾಲೆಯಾಗಿ ತೀರಿಕೊಂಡ ಎಂದು ಕೇಳಿದ್ದೆ.

‘ನಾಟಕದಲ್ಲಿ ಇದ್ದದ್ದು ನಾವೇ ಅಕ್ಕ’ ಎಂದರು ಕಿಟ್ಟಣ್ಣ. ‘ರಮಾಕಾಂತರಿಗೆ ನಮ್ಮ ಸುದ್ದಿ ಗೊತ್ತಿರ್ಲಿಲ್ಲ. ಆದ್ರೂ ನಾವೇ. ನೀವು ಆ ಪ್ರಶ್ನೆ ಕೇಳಿದ್ರಿ, ಹಿಂದಿನ ಸಾಲಲ್ಲಿ ಒಬ್ಬ, ಇದು ಯಾರ ಕತೆ ಮಾರಾಯ ಅಂದ. ಚೆನ್ನಯ ಕತ್ತಲಲ್ಲಿ ನನ್ನ ಕೈ ಹಿಡ್ಕೊಂಡ. ನನಗೆ ಹೆದರಿಕೆ ಆಯ್ತು. ಯಾರಾದ್ರು ನೋಡಿದ್ರೆ? ಕೈ ಬಿಡಿಸ್ಕೊಂಡು ನಕ್ಕೆ. ಎಲ್ಲರೂ ನಕ್ರು. ಅವ ನಗ್ಲಿಲ್ಲ.’

ನನ್ನ ಚಹಾ ತಣ್ಣಗಾಗುತ್ತಿತ್ತು.

‘ಆಮೇಲೆ ಅವ ಯಾವ ನಾಟಕಕ್ಕೂ ಬರ್ಲಿಲ್ಲ. ಬೈಲಿಲ್ಲ, ಜಗಳ ಮಾಡ್ಲಿಲ್ಲ. ನಾನು ಕೆಲಸದಿಂದ ಬಂದ ಕೂಡ್ಲೇ ಒಣಸ್ ಆಂಡಾ ಅಂತ ಕೇಳ್ತಿದ್ದ. ಊಟ ಆಯ್ತಾ ಅಂತ ಅಷ್ಟೇ. ಮೊದ್ಲಿನ ಹಾಗೇ. ಆದ್ರೆ ನಾಟಕಕ್ಕೆ ಹೋಗುವ ಅಂದ್ರೆ, ನೀವು ಹೋಗಿ ಬನ್ನಿ ಅಂತಿದ್ದ.’

ಆಸ್ಪತ್ರೆಯ ಕತೆಯನ್ನೂ ಅವರೇ ಹೇಳಿದರು. ಚೆನ್ನಯ ಸತ್ತ ಬೆಳಿಗ್ಗೆ ಕೌಂಟರಿನಲ್ಲಿದ್ದವನು ‘ಆಪ್ ಇನ್ ಕೇ ಕೌನ್ ಲಗ್ತೇ ಹೋ?’, ನೀವು ಇವರಿಗೆ ಏನಾಗಬೇಕು, ಎಂದು ಕೇಳಿದ. ಕಿಟ್ಟಣ್ಣನ ಬಾಯಲ್ಲಿ ಬಂದದ್ದು ‘ರೂಮ್ ಪಾರ್ಟ್ನರ್’. ಹಾಗಾದರೆ ಮನೆಯವರು ಬರಲಿ ಎಂದ. ಊರಿನಿಂದ ಅಣ್ಣಂದಿರು ಬಂದರು. ಹೆಣವನ್ನು ಊರಿಗೆ ಒಯ್ಯುವ ಗಾಡಿಯಲ್ಲಿ ಅವರಿಗೇ ಜಾಗ ಸಾಲದು, ಇವರನ್ನು ಎಲ್ಲಿ ಕೂರಿಸುವುದು? ಚೆನ್ನಯನ ಅಂಗಿಯ ಜೇಬಿನಲ್ಲಿದ್ದ ಈ ಕೋಣೆಯ ಕೀಲಿಯೂ ಅವನ ಜೊತೆ ಊರಿಗೆ ಹೋಯಿತು. ಮಾರನೇ ದಿನ ಕಿಟ್ಟಣ್ಣ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಬಡಿಸಿದರು. ರೂಮ್ ಪಾರ್ಟ್ನರ್ ಸತ್ತರೆ ಯಾರು ರಜೆ ಕೊಡುತ್ತಾರೆ? ಭಾನುವಾರ ಕಲ್ಯಾಣದಲ್ಲಿ ಹಾಸ್ಯ ನಾಟಕವಿತ್ತು. ಹೋದರು, ಮೊದಲ ಸಾಲಿನಲ್ಲಿ ಕೂತು ನಕ್ಕರು. ನಾನೂ ಆ ದಿನ ಹಾಲ್‌ನಲ್ಲಿದ್ದೆ. ಎಂದಿಗಿಂತ ಜೋರಾಗಿಯೇ ನಕ್ಕಿದ್ದರು.

‘ಒಂದು ಸಲ ಆ ನಾಟಕ ಪೂರಾ ನೋಡ್ಬೇಕು ಅಕ್ಕ. ಅವ ನೋಡ್ಲಿಲ್ಲ, ನಾನು ನೋಡ್ಲಿಕ್ಕೆ ಬಿಡ್ಲಿಲ್ಲ. ಅವನ ಹೆಸರಲ್ಲಿ ನಾನು ಸುಮ್ಮನೆ ಕೂತು ನೋಡ್ಬೇಕು. ಊರಲ್ಲಿ ಅವನ ಬೊಜ್ಜಕ್ಕೆ, ಉತ್ತರಕ್ರಿಯೆಗೆ, ನನ್ನನ್ನಂತೂ ಯಾರೂ ಕರೀಲಿಲ್ಲ, ಇದಾದ್ರೂ ಆಗ್ಲಿ. ನಗುದಿಲ್ಲ, ದೇವರಾಣೆ. ಕೊನೆಗೆ ಎಂತ ಆಗ್ತದೆ?’

‘ಬಂದು ನೋಡಿ’ ಎಂದೆ.

ಹೋಗಬೇಡಿ ಎನ್ನಲು ಬಂದವಳು ಹಾಗೆ ಕರೆದು ಎದ್ದೆ. ಬಾಗಿಲಲ್ಲಿ ಅವರು ಮೆಲ್ಲಗೆ, ‘ನಾನು ಇರುವಷ್ಟು ದಿನ ಇದು ಯಾರಿಗೂ ಹೇಳುದು ಬೇಡ ಅಕ್ಕ. ಕೆಲಸ ಹೋಗ್ತದೆ, ಕೋಣೆ ಹೋಗ್ತದೆ. ನಾನು ಹೋದ್ಮೇಲೆ ನಿಮ್ಮ ಇಷ್ಟ. ಹೇಳುದಾದ್ರೆ ಚೆನ್ನಯನ ಹೆಸರು ಬಿಡ್ಬೇಡಿ’ ಎಂದರು. ಗಾಡಿಯಲ್ಲಿ ಕೂತ ಮೇಲೆ ನನಗೆ ಅಳು ಬಂತು. ಹನ್ನೊಂದು ವರ್ಷ ಆ ಮನುಷ್ಯನಿಗೆ ಹೂಂ ಎಂದಷ್ಟೇ ಹೇಳಿದ್ದೆನಲ್ಲ.

ಹರ್ಷಿತಾಳಿಗೆ, ‘ಬರ್ತಾರೆ, ನಗಲ್ಲ. ಜವಾಬ್ದಾರಿ ನಂದು’ ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ತಾಲೀಮಿಗೆ ತಿರುಗಿದಳು. ಒಪ್ಪಲಿಲ್ಲ ಎಂದು ಗೊತ್ತಾಯಿತು.

ಫೆಬ್ರವರಿಯ ಒಂದು ಭಾನುವಾರ ಸಂಜೆ, ಡೊಂಬಿವಲಿಯ ದೊಡ್ಡ ನಾಟ್ಯಗೃಹದಲ್ಲಿ ಪ್ರದರ್ಶನ. ಮೊದಲ ಅರ್ಧ ನಡೆದ ಬಗೆಯನ್ನು ನಾನು ನಮ್ಮ ಸಂಘದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಕುರುಕಲು ತಿನ್ನುವ ಸದ್ದಿಲ್ಲ, ಫೋನಿಲ್ಲ. ಜ್ವರ ಬಂದವನ ತಲೆಗೆ ಇನ್ನೊಬ್ಬ ಒದ್ದೆ ಬಟ್ಟೆ ಹಾಕುವ ದೃಶ್ಯದಲ್ಲಿ ಮುಂದಿನ ಸಾಲುಗಳ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪಕ್ಕದ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಕಿಟ್ಟಣ್ಣ ತಮ್ಮ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಪಕ್ಕದ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಕರವಸ್ತ್ರ ಹಾಸಿದ್ದರು.

ಆಮೇಲೆ ನಮ್ಮವರ ಹಾಳು ಸಂಪ್ರದಾಯ ಬಂತು. ಮುಂಬಯಿ ಕಡೆಯ ಸಂಘಗಳಲ್ಲಿ ಯಾವ ನಾಟಕವಾದರೂ ನಡುವೆ ನಿಲ್ಲಲೇಬೇಕು, ಸಭಾ ಕಾರ್ಯಕ್ರಮ ಆಗಲೇಬೇಕು. ರಾಮ ಕಾಡಿನಲ್ಲಿದ್ದರೂ ಕಾಯಬೇಕು, ದಾನಿಗಳಿಗೆ ಶಾಲು ಹೊದಿಸಬೇಕು. ಹರ್ಷಿತಾ ಬೇಡವೇ ಬೇಡ ಎಂದು ಹಟ ಹಿಡಿದಿದ್ದಳು, ನಡೆಯಲಿಲ್ಲ. ದಾನಿಗಳ ಸನ್ಮಾನ ಮುಗಿಯಿತು. ಆಗ ಸರ್ವೋತ್ತಮರು ಮೈಕ್ ಹಿಡಿದು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸನ್ಮಾನವನ್ನು ಹೊರಗೆ ತೆಗೆದರು.

‘ನಟರಿಗೆ ಎಲ್ಲರೂ ಸನ್ಮಾನ ಮಾಡ್ತಾರೆ. ನಾವು ಇವತ್ತು ಪ್ರೇಕ್ಷಕರಿಗೆ ಮಾಡ್ತೇವೆ. ಇಷ್ಟು ವರ್ಷ ನಮ್ಮೆಲ್ಲರನ್ನು ನಗಿಸಿದ ನಮ್ಮ ಕಿಟ್ಟಣ್ಣ!’

ಹಾಲ್ ಎದ್ದು ಚಪ್ಪಾಳೆ ತಟ್ಟಿತು. ಕಿಟ್ಟಣ್ಣನನ್ನು ತೋಳು ಹಿಡಿದು ವೇದಿಕೆಗೆ ತಂದರು. ಮೈಸೂರು ಪೇಟ ತೊಡಿಸಿದರು, ಜರಿಯಂಚಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಫೋಟೋದವನು ನಗಿ ಎಂದ, ನಕ್ಕರು. ‘ಸೆಕೆಂಡ್ ಹಾಫ್ ಸ್ವಲ್ಪ ಸೀರಿಯಸ್ ಉಂಟಂತೆ, ಹೆದರ್ಬೇಡಿ. ಕಿಟ್ಟಣ್ಣ ಎದುರೇ ಇದ್ದಾರೆ!’ ಎಂದು ಸರ್ವೋತ್ತಮರು ಮುಗಿಸಿದರು. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಹರ್ಷಿತಾ ಹಣೆ ಚಚ್ಚಿಕೊಂಡಳು.

ದೀಪ ಆರಿತು. ಸುಪ್ರೀತ್ ಹೆಣದ ತಲೆಯ ಹತ್ತಿರ ಕೂತ. ನಾನು ಕೈಯಲ್ಲಿ ಚೀಲ ಹಿಡಿದು ಊರಿನಿಂದ ಬಂದೆ. ಮಗನ ಮುಖ ನೋಡಿದೆ, ಕೂತವನ ಮುಖ ನೋಡಿದೆ. ಅದರಾಚೆಗೆ ಮೊದಲ ಸಾಲಿನಲ್ಲಿ ಪೇಟ ಕಾಣುತ್ತಿತ್ತು.

‘ನೀನು ಅವನಿಗೆ ಏನಾಗಬೇಕಪ್ಪಾ?’

‘ನಾವು ಒಂದೇ ಕೋಣೆಯವರು.’

ಗಂಟಲಲ್ಲಿ ಉಸಿರು ಸಿಕ್ಕಿಕೊಂಡ ಸದ್ದು. ಆಮೇಲೆ ತಡೆದು ತಡೆದು ಬಿಕ್ಕು. ಕಿಟ್ಟಣ್ಣ ಅಳುತ್ತಿದ್ದರು. ವೇದಿಕೆಯ ಬೆಳಕು ಅವರ ಮೇಲೆ ಬೀಳುತ್ತಿತ್ತು, ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಪೇಟ ಒಂದು ಕಡೆ ವಾಲಿತ್ತು, ಮುಖವೆಲ್ಲ ಕಣ್ಣೀರು. ಆದರೆ ಹಿಂದೆ ಕೂತವರಿಗೆ ಕಾಣುವುದು ಪೇಟ ಮತ್ತು ಕುಲುಕುವ ಭುಜ ಮಾತ್ರ. ಅವರಿಗೆ ಕೇಳಿದ್ದು ಮೂವತ್ತು ವರ್ಷದಿಂದ ಗೊತ್ತಿದ್ದ ಸದ್ದು.

ಹಾಲ್ ನಕ್ಕಿತು. ಮೊದಲು ಮೊದಲ ಸಾಲುಗಳು, ಆಮೇಲೆ ಬಾಲ್ಕನಿಯವರೆಗೂ. ‘ಶುರುವಾಯ್ತು ಕಿಟ್ಟಣ್ಣಂದು!’ ಎಂದು ಯಾರೋ ಖುಷಿಯಿಂದ ಕೂಗಿದರು. ಖಾಲಿ ಕುರ್ಚಿಯ ಆಚೆ ಕೂತಿದ್ದ ಸರ್ವೋತ್ತಮರು ಬಗ್ಗಿ ಅವರ ಬೆನ್ನಿಗೆ ಹೊಡೆದು ಹೊಡೆದು ನಗುತ್ತಿದ್ದರು. ಕಿಟ್ಟಣ್ಣ ಹೊದಿಸಿದ ಶಾಲನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡರು. ನಗು ತಡೆಯಲಾರದೆ ಹಾಗೆ ಮಾಡಿದರು ಎಂದುಕೊಂಡು ಜನ ಇನ್ನೂ ನಕ್ಕರು.

‘ಅವರು ನಗ್ತಾ ಇಲ್ಲ, ಅಳ್ತಾ ಇದ್ದಾರೆ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಾಟಕ ಹಾಳಾದರೂ ಹಾಳಾಗಲಿ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಕಿಟ್ಟಣ್ಣ ನನ್ನನ್ನು ನೋಡಿದರು. ಶಾಲು ಬಾಯಲ್ಲಿಟ್ಟುಕೊಂಡೇ ಬೇಡ ಎಂದು ತಲೆಯಾಡಿಸಿದರು. ಅಳುತ್ತಿದ್ದಾರೆ ಎಂದರೆ ಯಾಕೆ ಎಂದು ಇಡೀ ಹಾಲ್ ಕೇಳುತ್ತಿತ್ತು. ಆ ಯಾಕೆಗೆ ಉತ್ತರ ಹೇಳಿದರೆ ಅವರ ಕೋಣೆ, ಕೆಲಸ, ಆ ಮೊದಲ ಸಾಲಿನ ಕುರ್ಚಿ ಎಲ್ಲವೂ ಹೋಗುತ್ತಿತ್ತು. ನಾನು ಮಾತು ನುಂಗಿಕೊಂಡೆ.

ಆದರೆ ಮುಂದಿನ ಮಾತನ್ನೂ ಆಡಲಿಲ್ಲ. ಸುಪ್ರೀತ್ ಕಲ್ಲಿನಂತೆ ಕೂತಿದ್ದ, ಅವನನ್ನು ಮೆಚ್ಚಬೇಕು. ನಾನು ಜನರನ್ನೇ ನೋಡುತ್ತ ನಿಂತೆ. ಅವರು ನಕ್ಕು ನಕ್ಕು, ನಾನು ಮಾತಾಡುವುದಿಲ್ಲ ಎಂದು ಕಂಡು, ಒಬ್ಬೊಬ್ಬರಾಗಿ ಸುಮ್ಮನಾದರು. ಯಾರೋ ಕೆಮ್ಮಿದರು. ಪೂರಾ ಸದ್ದಡಗಿದ ಮೇಲೆ, ‘ಹಾಗಾದರೆ ಹಿಂದೆ ಹೋಗಿ ನಿಂತುಕೋ. ಇಲ್ಲಿ ಮನೆಯವರು ಕೂರಲಿ’ ಎಂದೆ. ಅಂಥ ಮಾತನ್ನು ಅಂಥ ಹೊತ್ತಿನಲ್ಲಿ ಯಾರೂ ಯಾರಿಗೂ ಆಡುವಂತಾಗಬಾರದು. ಅಲ್ಲಿಂದ ಕೊನೆಯವರೆಗೆ ಹಾಲ್ ಉಸಿರು ಬಿಡಲಿಲ್ಲ. ಕೊನೆಯ ದೃಶ್ಯದಲ್ಲಿ ತಾಯಿ ಮಗನ ಜೇಬಿನಲ್ಲಿ ಸಿಕ್ಕ ಕೀಲಿಯನ್ನು ತಂದು, ಏನೂ ಹೇಳದೆ, ಹಿಂದೆ ನಿಂತವನ ಕೈಗಿಡುತ್ತಾಳೆ. ಅಷ್ಟೇ. ಪರದೆ ಬಿದ್ದ ಮೇಲೆ ಬಂದ ಚಪ್ಪಾಳೆ ನಿಲ್ಲಲೇ ಇಲ್ಲ.

ಬಣ್ಣದ ಕೋಣೆಗೆ ಜನ ನುಗ್ಗಿದರು. ಹೋಟೆಲಿನವರ ಮನೆಯ ಹಿರಿಯಾಕೆ ಲೋಲಾಕ್ಷಿಯಮ್ಮ ನನ್ನ ಕೈ ಹಿಡಿದುಕೊಂಡು, ‘ನನ್ನ ಮೈದುನ ಹೀಗೇ ಇದ್ದ. ನಾವು ಒತ್ತಾಯ ಮಾಡಿ ಮದುವೆ ಮಾಡಿಸಿದ್ವು. ಆ ಹುಡುಗಿಯ ಮುಖ...’ ಎಂದು ನಿಲ್ಲಿಸಿ ಹೊರಟುಹೋದರು. ಒಬ್ಬ ಗೃಹಸ್ಥರು, ಫ್ಯಾಮಿಲಿ ಕರೆತಂದಿದ್ದೇವೆ, ಇಂಥ ವಿಷಯ ಎಂದು ಬೋರ್ಡಿನಲ್ಲಿ ಹಾಕಬೇಕಿತ್ತು ಎಂದು ರೇಗಿದರು. ತರುಣ್ ಎಂಬ ನಮ್ಮ ಬಿಲ್ಡಿಂಗಿನ ಹುಡುಗ, ಕನ್ನಡ ಅರ್ಥವಾದರೂ ಮಾತಾಡದವನು, ಬಂದು ‘ಆಂಟಿ, ಥೋಡಾ ಯಹಾಂ ಬೈಠೂಂ?’ ಎಂದು ಕೇಳಿ, ಮೂಲೆಯ ಸ್ಟೂಲಿನ ಮೇಲೆ ಕೂತ. ಯಾಕೆ ಎಂದು ನಾನು ಕೇಳಲಿಲ್ಲ. ಸರ್ವೋತ್ತಮರು ಮಾತ್ರ, ‘ಎಂಡಿಂಗ್ ಹೆವಿ ಆಯ್ತು. ಕಿಟ್ಟಣ್ಣ ಇದ್ದದ್ದಕ್ಕೆ ಬಚಾವ್’ ಎಂದರು.

ಅಷ್ಟರಲ್ಲಿ ಕಿಟ್ಟಣ್ಣ ಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ಹರ್ಷಿತಾ ಅವರನ್ನು ಕಂಡು ಉರಿದುಬಿದ್ದಳು.

‘ನಿಮಗೆ ನಾಚಿಕೆ ಆಗಲ್ವಾ ಅಂಕಲ್? ಒಬ್ಬ ಸತ್ತು ಮಲಗಿದ್ದಾನೆ, ಇನ್ನೊಬ್ಬನಿಗೆ ಅಳೋಕೂ ಹಕ್ಕಿಲ್ಲ, ಅದು ನಿಮಗೆ ಕಾಮಿಡಿನಾ? ನಿಮ್ಮಂಥವರಿಂದಲೇ ಅವರೆಲ್ಲ ಬಾಯಿ ಮುಚ್ಕೊಂಡು ಸಾಯೋದು!’

ಎಲ್ಲರ ಎದುರು, ಮಗಳ ವಯಸ್ಸಿನವಳಿಂದ. ಕಿಟ್ಟಣ್ಣ ನನ್ನ ಕಡೆ ನೋಡಲೇ ಇಲ್ಲ, ನೋಡಿದರೆ ನಾನು ಹೇಳಿಬಿಡುತ್ತೇನೆ ಎಂದು ಗೊತ್ತಿತ್ತು.

‘ಅಭ್ಯಾಸ ಮಗಾ’ ಎಂದರು. ‘ತಪ್ಪಾಯ್ತು.’

ಬುಟ್ಟಿಯನ್ನು ಬಣ್ಣ ಹಚ್ಚುವವನ ಕೈಗೆ ಕೊಟ್ಟು ಹೊರಗೆ ಹೋದರು. ನಾನು ಹಿಂದೆಯೇ ಓಡಿದೆ. ಮೆಟ್ಟಿಲ ಹತ್ತಿರ ನಿಂತಿದ್ದರು, ಶಾಲು ಮಡಿಸುತ್ತಿದ್ದರು, ಅದರ ಒಂದು ಮೂಲೆ ಒದ್ದೆಯಾಗಿತ್ತು.

‘ಕೀಲಿ ಕೊಡ್ತಾಳಲ್ಲ ಅಕ್ಕ, ಅದು ಒಳ್ಳೇದಾಯ್ತು. ಅವನಿಗೆ ಹೇಳ್ಬೇಕಿತ್ತು’ ಎಂದರು. ಶಾಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ‘ಅವನಿಗಾಗಿ ಅಳ್ಲಿಕ್ಕೆ ಒಂದು ದಿನ ಸಿಕ್ಕಿತ್ತು. ಅದನ್ನೂ ನಗಾಡಿಸಿಬಿಟ್ಟೆ’ ಎಂದರು.

ಆಮೇಲೆ ಕಿಟ್ಟಣ್ಣ ನಾಟಕಗಳಿಗೆ ಬರುವುದು ಕಡಿಮೆಯಾಯಿತು. ಮಂಡಿನೋವು ಎನ್ನುತ್ತಿದ್ದರು. ನಾಟಕದ ಹೆಸರು ಹಬ್ಬಿ ಥಾಣೆಯವರು ಜನವರಿಗೆ ಕರೆದಾಗ ನಾನು ಅವರಿಗೆ ಫೋನ್ ಮಾಡಿದೆ. ‘ಥಾಣೆಯಲ್ಲಿ ಮರಾಠಿ ಜನವೂ ಬರ್ತಾರೆ. ಬಾಲ್ಕನಿಯ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ನಿಮ್ಮ ಗುರುತು ಯಾರಿಗೂ ಇರಲ್ಲ. ಹೊಟ್ಟೆ ತುಂಬ ಅತ್ತುಬಿಡಿ ಕಿಟ್ಟಣ್ಣ’ ಎಂದೆ. ‘ಆಯ್ತು ಅಕ್ಕ, ಬರ್ತೇನೆ’ ಎಂದರು. ದನಿಯಲ್ಲಿ ಆಸೆ ಇತ್ತು.

ನವೆಂಬರಿನ ಒಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ತಿಂಡಿ ಬಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಸಂಘದಲ್ಲಿ ಸಂತಾಪ ಸಭೆ ಆಯಿತು. ಸರ್ವೋತ್ತಮರು, ‘ಆ ದಿನ ಶಾಲು ಬಾಯಿಗೆ ತುಂಬಿಸಿಕೊಂಡು ನಕ್ಕರಲ್ಲ, ಅದೇ ಅವರ ಕೊನೆಯ ನಗು’ ಎಂದರು. ಜನ ಅದನ್ನು ನೆನೆದು ಮತ್ತೆ ನಕ್ಕರು, ಆಮೇಲೆ ಎದ್ದು ನಿಂತು ಮೌನ ಆಚರಿಸಿದರು. ಅವರದು ನಿಜವಾದ ಪ್ರೀತಿಯೇ, ಸುಳ್ಳೆನ್ನಲಾರೆ. ಅದಕ್ಕೇ ನನಗೆ ಅಷ್ಟು ಸಂಕಟವಾದದ್ದು.

ಥಾಣೆಯಲ್ಲಿ ನಾಟಕ ಹರ್ಷಿತಾ ಬಯಸಿದ ಹಾಗೇ ನಡೆಯಿತು. ನಾನು ಪ್ರಶ್ನೆ ಕೇಳಿದೆ. ಸುಪ್ರೀತ್ ಉತ್ತರ ಹೇಳಿದ. ಹಾಲ್‌ನಲ್ಲಿ ಯಾರೂ ಪಿಟಕ್ಕೆನ್ನಲಿಲ್ಲ. ನಾನು ಬಾಲ್ಕನಿಯ ಹಿಂದಿನ ಸಾಲಿನ ಕತ್ತಲನ್ನು ನೋಡುತ್ತ ನನ್ನ ಮುಂದಿನ ಮಾತು ಹೇಳಿದೆ.

ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಅವಳು ನನ್ನನ್ನು ತಬ್ಬಿಕೊಂಡು, ‘ನೋಡಿದ್ರಾ ಆಂಟಿ? ಈ ಸಲ ಒಬ್ರೂ ನಗಲಿಲ್ಲ!’ ಎಂದಳು.

ಆಗ ಹೇಳಿದೆ. ಕೋಪರಖೈರಣೆಯ ಎರಡು ಮಂಚ, ಕತ್ತಲಲ್ಲಿ ಹಿಡಿದ ಕೈ, ಊರಿಗೆ ಹೋದ ಕೀಲಿ, ಕುರ್ಚಿಯ ಮೇಲಿನ ಕರವಸ್ತ್ರ, ಎಲ್ಲವನ್ನೂ. ಚೆನ್ನಯನ ಹೆಸರನ್ನು ಎರಡು ಸಲ ಹೇಳಿದೆ. ಹರ್ಷಿತಾ ಬಟ್ಟೆಯ ಟ್ರಂಕಿನ ಮೇಲೆ ಕುಸಿದು ಕೂತಳು. ‘ನಾನು ಅವರಿಗೆ ಏನಂದೆ ಆಂಟಿ? ಅಳೋಕೆ ಹಕ್ಕಿಲ್ಲ ಅಂತ ಅವರಿಗೇ ಹೇಳ್ದೆ’ ಎಂದು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

ಬಾಗಿಲು ತಳ್ಳಿಕೊಂಡು ಸರ್ವೋತ್ತಮರು ಬಂದರು. ಹಿಂದೆ ಕಮಿಟಿಯವರು, ಕ್ಯಾಮರಾದವನು, ಒಬ್ಬರ ಕೈಯಲ್ಲಿ ಶಾಲು. ‘ಓಹೋ, ನಮ್ಮ ಡೈರೆಕ್ಟರಿಗೆ ಖುಷಿಯಲ್ಲಿ ಕಣ್ಣೀರು! ತೆಗೀರಿ, ಫೋಟೋ ತೆಗೀರಿ’ ಎಂದರು ನಗುತ್ತ. ಹಿಂದಿದ್ದವರೂ ನಕ್ಕರು.

‘ಖುಷಿಯಲ್ಲ ಅಧ್ಯಕ್ಷರೇ. ಅವಳು ಅಳ್ತಾ ಇದ್ದಾಳೆ’ ಎಂದೆ. ‘ಅಳೋದಕ್ಕೆ ಬಿಡಿ.’

ಅವರೆಲ್ಲರನ್ನೂ ಹೊರಗೆ ಹಾಕಿ ಬಾಗಿಲ ಚಿಲಕ ಹಾಕಿದೆ.